ಜಾಮೀನು ನಿಲ್ಲುವವರು ಯಾರು?

ಸಹೋದರರೇ, ಯೂಸುಫ್ (ಅ) ನಿರಪರಾಧಿಯಾಗಿ ಸೆರೆಯಲ್ಲಿದ್ದರು. ಬಿಡುಗಡೆಯಾದ ಜೊತೆಗಾರ ಅರಸನಿಗೆ ಅವರ ವಿಷಯ ಹೇಳಲು ಮರೆತ. ಮತ್ತೆ ಕೆಲವು ವರ್ಷ ಅಲ್ಲೇ ಕಳೆದವು. ಮೇಗರವಳ್ಳಿಯ ನಾವೂ ಮರೆಯುವವರೇ.

2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆಂದೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಿನಲ್ಲಿ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೆ, ಹಲವು ಪ್ರಕರಣ ಬಾಕಿಯಿರುವವರಿಗೆ ಇದಿಲ್ಲ. ಕೋರ್ಟಿಗೆ ಅರ್ಜಿ ಕೊಡಬೇಕಾದವರು ಜೈಲು ಅಧೀಕ್ಷಕರೇ. ಹಳೆಯ ಪ್ರಕರಣಗಳಿಗೂ ಅನ್ವಯವೆಂದು ಅದೇ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೆ ಪಹಣಿ ಹಿಡಿದು ಜಾಮೀನು ನಿಲ್ಲಲು ತೀರ್ಥಹಳ್ಳಿಗೆ ಹೋಗುವವರು ನಮ್ಮಲ್ಲಿ ಎಷ್ಟು ಮಂದಿ? ಆರೋಪ ಸಾಬೀತಾಗುವ ಮೊದಲೇ ಆ ಮನೆಗೆ ಸಲಾಂ ಹೇಳುವುದನ್ನೂ ಬಿಡುತ್ತೇವೆ. ಇಂದು ನಮಾಝ್ ಮುಗಿಸಿ ಅಲ್ಲಿಗೆ ಹೋಗೋಣ. ವಕೀಲರಿಗೆ ಹಣವಿಲ್ಲವೆಂದರೆ, ಬಂಧನದಲ್ಲಿರುವವರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆಂದು ತಿಳಿಸೋಣ.