ಭಾಷೆಯ ಮರೆಯಲ್ಲಿ ಉಳಿಯುವ ಪ್ರತಿಭೆ
(ಗಡಿಭಾಗದ ಕನ್ನಡ ಮಾಧ್ಯಮ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸ)



1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಂದಿನ ಬೀದರ ಜಿಲ್ಲೆಯ ನಿಲಂಗಾ, ಉದಗೀರ ಮತ್ತು ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಗಡಿರೇಖೆಯು ಊರು ಊರುಗಳ ನಡುವೆ ಹಾದುಹೋಯಿತು; ಮನೆಮಾತು ಆ ರೇಖೆಯನ್ನು ಅನುಸರಿಸಲಿಲ್ಲ. ಔರಾದ ಶಹಾಜನಿಯ ಸುತ್ತಿನ ಸೀಮೆಯಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಓಣಿಯ ಆಟದಲ್ಲಿ ದಖನಿ ಉರ್ದು ಆಡುವ ಮಗು ಅಪರೂಪವಲ್ಲ. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350(ಎ) ಅನುಚ್ಛೇದವು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ರಾಜ್ಯಗಳಿಗೆ ವಿಧಿಸಿತು. ಶಾಲೆಯ ಬಾಗಿಲನ್ನು ಕಾನೂನು ತೆರೆಯಬಲ್ಲದು. ಒಳಗೆ ಬಂದ ಮಗುವಿನಲ್ಲಿ ಅಸಾಧಾರಣ ಬುದ್ಧಿಯಿದ್ದರೆ ಅದನ್ನು ಕಾಣಬೇಕಾದುದು ಶಿಕ್ಷಕರ ಕಣ್ಣು.

ಇಲ್ಲಿಯ ತೊಡಕು ಇಷ್ಟೇ: ಗಡಿಭಾಗದ ತರಗತಿಯಲ್ಲಿ ಭಾಷೆಯ ಶುದ್ಧಿಯನ್ನೇ ಬುದ್ಧಿಯ ಅಳತೆಯೆಂದು ಭಾವಿಸುವ ರೂಢಿಯಿದೆ. ಪಠ್ಯಪುಸ್ತಕದ ಕನ್ನಡವು ಮಗುವಿನ ಮನೆಯ ಕನ್ನಡವಲ್ಲ. ಅಚ್ಚುಕಟ್ಟಾಗಿ ಓದಿ, ಕೇಳಿದೊಡನೆ ಉತ್ತರ ಹೇಳುವ ಮಗು ಜಾಣನೆನಿಸುತ್ತದೆ. ಕಾಗುಣಿತ ತಪ್ಪುವ, ಒಂದೇ ವಾಕ್ಯದಲ್ಲಿ ಕನ್ನಡ ಮರಾಠಿ ಬೆರೆಸುವ ಮಗು ಹಿಂದಿನ ಸಾಲಿಗೆ ಸರಿಯುತ್ತದೆ. “ಸರ್, ಇದು ಹಿಂಗ್ಯಾಕ್ ಆತದ?” ಎಂದು ಅದು ಕೇಳಿದಾಗ ವಾಕ್ಯವನ್ನು ತಿದ್ದಲಾಗುತ್ತದೆ, ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ.

ಅಳತೆಗೋಲು ತಪ್ಪುವುದು ಹಳ್ಳಿಯ ಶಾಲೆಗಳಲ್ಲಿ ಮಾತ್ರವಲ್ಲ. ಅಮೆರಿಕದ ಮನೋವಿಜ್ಞಾನಿ ಲೂಯಿ ಟರ್ಮನ್ 1921ರಲ್ಲಿ ಬುದ್ಧಿಮತ್ತೆಯ ಪರೀಕ್ಷೆಯಿಂದ ಕ್ಯಾಲಿಫೋರ್ನಿಯಾದ ಪ್ರತಿಭಾವಂತ ಮಕ್ಕಳನ್ನು ಆರಿಸತೊಡಗಿದರು. ಆ ಪರೀಕ್ಷೆಯಲ್ಲಿ ಆಯ್ಕೆಯಾಗದೆ ಉಳಿದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿ ಆಲ್ವಾರೆಜ್ ಎಂಬ ಇಬ್ಬರು ಬಾಲಕರಿದ್ದರು. ಮುಂದೆ 1956 ಮತ್ತು 1968ರಲ್ಲಿ ಅವರಿಬ್ಬರೂ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದರು. ಜೋಸೆಫ್ ರೆಂಜುಲಿ 1978ರಲ್ಲಿ ಪ್ರತಿಭೆಯನ್ನು ಮೂರು ಗುಣಗಳ ಸಂಗಮವೆಂದು ವಿವರಿಸಿದರು: ಸರಾಸರಿಗಿಂತ ಹೆಚ್ಚಿನ ಸಾಮರ್ಥ್ಯ, ಸೃಜನಶೀಲತೆ ಮತ್ತು ಹಿಡಿದ ಕಾರ್ಯವನ್ನು ಬಿಡದ ನಿಷ್ಠೆ. ಇವುಗಳಲ್ಲಿ ಕೊನೆಯ ಎರಡು ಅಂಕಪಟ್ಟಿಯಲ್ಲಿ ಸಿಗುವುದಿಲ್ಲ.

ಹಾಗಾದರೆ ಶಿಕ್ಷಕರು ಎಲ್ಲಿ ನೋಡಬೇಕು? ಮೊದಲನೆಯದಾಗಿ, ಶಾಲೆಯ ಹೊರಗೆ. ಬ್ಯಾಂಕಿನಲ್ಲಿ ಅಜ್ಜಿಯ ಪರವಾಗಿ ಮರಾಠಿ ಅರ್ಜಿಯನ್ನು ಓದಿ, ಕನ್ನಡದಲ್ಲಿ ತಿಳಿಸಿ, ಉತ್ತರವನ್ನು ಮತ್ತೆ ಮರಾಠಿಯಲ್ಲಿ ಹೇಳುವ ಹತ್ತು ವರ್ಷದ ಬಾಲಕಿ ದೊಡ್ಡವರಿಗೂ ಕಠಿಣವಾದ ಬೌದ್ಧಿಕ ಕಾರ್ಯ ಮಾಡುತ್ತಿದ್ದಾಳೆ. ಆಡತಿಯಲ್ಲಿ ತೊಗರಿ, ಸೋಯಾಬೀನಿನ ತೂಕ ಮತ್ತು ದರವನ್ನು ಬಾಯಿಲೆಕ್ಕದಲ್ಲಿ ಕೂಡಿಸಿ ತಂದೆಗೆ ಹೇಳುವ ಬಾಲಕನೂ ಅಂಥವನೇ.

ಎರಡನೆಯದಾಗಿ, ಭಾಷೆಯ ಹೊರೆಯಿಲ್ಲದ ಕೆಲಸಗಳಲ್ಲಿ. ಇದಕ್ಕೆ ಉತ್ತಮ ಸಾಧನವನ್ನು ಮಹಾರಾಷ್ಟ್ರದ ಒಬ್ಬ ಶಾಲಾಶಿಕ್ಷಕರೇ ಕೊಟ್ಟಿದ್ದಾರೆ. ದೇವಳಾಲಿಯಲ್ಲಿ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರರು ಕಂಡುಹಿಡಿದ 6174 ಎಂಬ ಸಂಖ್ಯೆ ಇಂದು ಜಗತ್ತಿನಾದ್ಯಂತ ಅವರ ಹೆಸರಿನಿಂದ ಪ್ರಸಿದ್ಧವಾಗಿದೆ. ಎಲ್ಲ ಅಂಕಿಗಳೂ ಒಂದೇ ಆಗಿರದ ನಾಲ್ಕಂಕಿಯ ಯಾವುದೇ ಸಂಖ್ಯೆಯನ್ನು ತೆಗೆದುಕೊಳ್ಳಬೇಕು. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿಯೂ ಏರಿಕೆಯ ಕ್ರಮದಲ್ಲಿಯೂ ಬರೆದು ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು. ಬಂದ ಉತ್ತರಕ್ಕೂ ಹಾಗೆಯೇ ಮಾಡಬೇಕು. 3524ರಿಂದ ಹೊರಟರೆ 5432ರಲ್ಲಿ 2345 ಕಳೆದು 3087. 8730ರಲ್ಲಿ 0378 ಕಳೆದು 8352. 8532ರಲ್ಲಿ 2358 ಕಳೆದು 6174. ಮುಂದೆ ಉತ್ತರ ಬದಲಾಗುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹಂತಗಳೊಳಗೆ ಅಲ್ಲಿಗೇ ತಲಪುತ್ತದೆ. ಈ ಆಟದಲ್ಲಿ ಬೇಗ ಮುಗಿಸಿದವರನ್ನಷ್ಟೇ ಗಮನಿಸಿದರೆ ಸಾಲದು. ಮೂರಂಕಿಯಲ್ಲಿ ಏನಾಗುವುದೆಂದು ತಾನಾಗಿಯೇ ಪರೀಕ್ಷಿಸಿ 495ನ್ನು ಕಂಡುಕೊಂಡ ಮಗು, ಮರುದಿನವೂ ಅದೇ ಹಾಳೆ ಹಿಡಿದು ಬಂದ ಮಗು ಗುರುತಿಗೆ ಅರ್ಹ.

ಗುರುತಿಸಿದ್ದನ್ನು ಬರೆದಿಡುವುದು ಅಗತ್ಯ. ಪ್ರತಿ ಇಯತ್ತೆಗೂ ಒಂದು ವಹಿ ಇರಲಿ. ಮಗು ಕೇಳಿದ ಪ್ರಶ್ನೆ, ಮಾಡಿದ ಕೆಲಸ, ದಿನಾಂಕ ಇಷ್ಟು ಸಾಕು. ದೀಪಾವಳಿಯ ಹೊತ್ತಿಗೆ ತಂದೆತಾಯಿಯರೊಡನೆ ಕಬ್ಬು ಕಡಿಯಲು ಹೋಗಿ ತಿಂಗಳುಗಟ್ಟಲೆ ಗೈರುಹಾಜರಾದ ಮಗುವಿನ ವಿಷಯದಲ್ಲಿ ಈ ವಹಿಯೇ ಸಾಕ್ಷಿ. ಶಿಕ್ಷಕರ ವರ್ಗಾವಣೆಯಾದರೂ ಗುರುತು ಅಳಿಯುವುದಿಲ್ಲ.

ಗುರುತಿನ ನಂತರ ಆಧಾರ ಬೇಕು. ಸಿದ್ಧವಾದ ಮಗುವಿಗೆ ಅದೇ ಬಗೆಯ ಹತ್ತು ಲೆಕ್ಕಗಳನ್ನು ಹೆಚ್ಚಿಗೆ ಕೊಡುವುದು ಪ್ರೋತ್ಸಾಹವಲ್ಲ, ಶಿಕ್ಷೆ. ಒಂದೇ ಒಂದು ಕಠಿಣ ಪ್ರಶ್ನೆ, ಮೇಲಿನ ಇಯತ್ತೆಯ ಬಾಲಭಾರತಿ ಪುಸ್ತಕ, ಉತ್ತರವನ್ನು ಮೊದಲು ಮನೆಮಾತಿನಲ್ಲಿ ಹೇಳುವ ಅನುಮತಿ ಹೆಚ್ಚು ಫಲಕಾರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲೆ ಹಾಗೂ ಶಾಲಾಸಂಕುಲಗಳ ಮಟ್ಟದಲ್ಲಿ ವಿಷಯವಾರು ಕೂಟಗಳನ್ನು ಸೂಚಿಸಿದೆ. ಕೇಂದ್ರದ ನಾಲ್ಕಾರು ಶಾಲೆಗಳು ಕೂಡಿ ಗಣಿತ ಕೂಟ ನಡೆಸಿದರೆ ಒಂಟಿಯಾಗಿದ್ದ ಮಗುವಿಗೆ ಸಮಾನ ಆಸಕ್ತಿಯ ಗೆಳೆಯರು ದೊರೆಯುತ್ತಾರೆ.

ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತಿನ ಶಿಷ್ಯವೃತ್ತಿ ಪರೀಕ್ಷೆ ಕನ್ನಡ ಮಾಧ್ಯಮದಲ್ಲಿಯೂ ನಡೆಯುತ್ತದೆ. 8ನೆಯ ಇಯತ್ತೆಯ ಮಕ್ಕಳಿಗಾಗಿ ರಾಷ್ಟ್ರೀಯ ಆದಾಯ ಹಾಗೂ ಅರ್ಹತಾ ಶಿಷ್ಯವೃತ್ತಿ ಪರೀಕ್ಷೆಯಿದೆ. ಅದರಲ್ಲಿ ಆಯ್ಕೆಯಾದವರಿಗೆ 9ರಿಂದ 12ನೆಯ ಇಯತ್ತೆಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ನಾಲ್ಕು ವರ್ಷಗಳಲ್ಲಿ 48,000. ಊರಿನ ಶಾಲೆ ಮುಗಿದೊಡನೆ ಓದು ನಿಲ್ಲಿಸಬೇಕಾದ ಬಾಲಕಿಯ ಮನೆಯಲ್ಲಿ ಈ ಮೊತ್ತವು ಮದುವೆಯ ಮಾತನ್ನು ಮುಂದೂಡಬಲ್ಲದು. ಆದರೆ ವರಮಾನದ ದಾಖಲೆ ಸಕಾಲಕ್ಕೆ ಸಿದ್ಧವಿರಬೇಕು. ಅರ್ಜಿಯಲ್ಲಿ ಪರೀಕ್ಷಾ ಮಾಧ್ಯಮದ ಕಲಮನ್ನು ಮುಖ್ಯಾಧ್ಯಾಪಕರು ಸ್ವತಃ ನೋಡಬೇಕು. ಕನ್ನಡದಲ್ಲಿ ಕಲಿತ ಮಗುವಿನ ಕೈಗೆ ಬೇರೆ ಭಾಷೆಯ ಪ್ರಶ್ನೆಪತ್ರಿಕೆ ಬಂದರೆ ಎಂಟು ವರ್ಷಗಳ ಶ್ರಮ ಒಂದು ತಪ್ಪು ಗುರುತಿನಿಂದ ಕೆಡುತ್ತದೆ.

ಒಂದು ಎಚ್ಚರಿಕೆ ಅವಶ್ಯ. ಪ್ರತಿಭಾವಂತರೆಂಬ ಹಣೆಪಟ್ಟಿಯನ್ನು ಯಾವ ಮಗುವಿಗೂ ಎಲ್ಲರೆದುರು ಅಂಟಿಸಬಾರದು. ಕಠಿಣ ಪ್ರಶ್ನೆಯನ್ನು ಇಡೀ ತರಗತಿಯ ಮುಂದಿಟ್ಟು, ಮುಂದೆ ಬರುವವರಿಗೆ ದಾರಿ ಬಿಡಬೇಕು. ಈ ಶೈಕ್ಷಣಿಕ ವರ್ಷ ಪ್ರತಿಯೊಬ್ಬ ಶಿಕ್ಷಕರ ವಹಿಯಲ್ಲಿ, ಕಳೆದ ಪರೀಕ್ಷೆಯ ಮೊದಲ ಐವರಲ್ಲಿ ಇರದ ಒಂದು ಮಗುವಿನ ಹೆಸರಾದರೂ ಸೇರಿದರೆ ಈ ಉಪನ್ಯಾಸದ ಉದ್ದೇಶ ಸಾರ್ಥಕವಾಗುತ್ತದೆ.