ಯಾವ ಶಾಲೆಯಿಂದ ಬಂದೆ?

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಪೋಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯವನ್ನು ಕಟ್ಟಿದಾಗ ಅದರ ಮಗ್ಗುಲಲ್ಲಿಯೇ ಒಂದು ಕನ್ನಡ ಶಾಲೆಯನ್ನೂ ತೆರೆದರು. ಅದು ಕ್ರಮೇಣ ಪ್ರೌಢಶಾಲೆಯಾಗಿ ಬೆಳೆಯಿತು. ಇಂದು ಅದರ ಬೆಂಚುಗಳು ಬರಿದಾಗುತ್ತಿವೆ. “ಸ್ವಾಮಿ, ಈ ಹಳ್ಳಿ ಶಾಲೆಯಲ್ಲಿ ಓದಿದವರನ್ನು ದೊಡ್ಡ ಕಾಲೇಜಿನವರು ಸೇರಿಸಿಕೊಳ್ಳುವರೇ?” ಎಂದು ನೀವು ಕೇಳುತ್ತೀರಿ.

ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಕಾಲೇಜಿನ ಪ್ರವೇಶ ಸಮಿತಿಯಲ್ಲಿ ನಾನಿದ್ದೆ. ಉಳಿದಿದ್ದ ಒಂದೇ ಸ್ಥಾನಕ್ಕೆ ಇಬ್ಬರು ಹುಡುಗರು, ಅಂಕಗಳು ಸರಿಸಮ. ಒಬ್ಬನದು ನಗರದ ಹೆಸರಾಂತ ಶಾಲೆ, ಇನ್ನೊಬ್ಬನದು ನಾವಾರೂ ಕೇಳದ ಹಳ್ಳಿಯ ಶಾಲೆ. ಶಾಲೆಯ ಹೆಸರನ್ನು ಕಂಡು ಮೊದಲನೆಯವನ ಪರ ಮಾತನಾಡಿದೆ. ಮನೆಪಾಠವಿಲ್ಲದೆ, ಮೈಲಿಗಟ್ಟಲೆ ನಡೆದು ಗಳಿಸಿದ ಅಷ್ಟೇ ಅಂಕಗಳಿಗೆ ಹೆಚ್ಚಿನ ತೂಕವಿದೆಯೆಂಬುದು ಅಂದು ನನಗೆ ಹೊಳೆಯಲಿಲ್ಲ. ನಜರೇತಿನಿಂದ ಒಳ್ಳೆಯದೇನು ಬಂದೀತೆಂದು ಶಂಕಿಸಿದ ನತಾನಿಯೇಲನ ಪಾಪವೇ ನನ್ನದೂ ಆಗಿತ್ತು. ಅವನಾದರೋ ಫಿಲಿಪ್ಪನ ಮಾತಿಗೆ ಓಗೊಟ್ಟು ಎದ್ದು ಹೋಗಿ ನೋಡಿದ; ನಾನು ಅದನ್ನೂ ಮಾಡಲಿಲ್ಲ.

ನಾನು ಕಾಣದ ಆ ತೂಕವನ್ನು ನಮ್ಮ ರಾಜ್ಯದ ನಿಯಮ ಕಂಡಿದೆ. 1994ರಲ್ಲಿ ಆರಂಭವಾದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಶಾಲೆಯ ಕೀರ್ತಿಗೆ ಅಂಕವಿಲ್ಲ. ಆದರೆ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿಯುಂಟು. ನೆರೆಯ ತಮಿಳುನಾಡು ಕೂಡ 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಪ್ರವೇಶದಲ್ಲಿ ಶೇಕಡಾ 7.5ರಷ್ಟು ಸ್ಥಾನಗಳನ್ನು ಕಾದಿರಿಸಿತು.

ಪೋಷಕರೇ, ಇಲ್ಲೊಂದು ಎಚ್ಚರಿಕೆಯ ಮಾತು. ನಮ್ಮಲ್ಲಿ ಈ ಸವಲತ್ತಿಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ಣ ಹತ್ತು ವರ್ಷಗಳ ವ್ಯಾಸಂಗ ಬೇಕು. ಮುಖ್ಯೋಪಾಧ್ಯಾಯರ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಏಳು ವರ್ಷ ಇಲ್ಲಿ ಓದಿದ ಮಗುವನ್ನು, ಸಾಲ ಮಾಡಿ, ಎಂಟನೆಯ ತರಗತಿಗೆ ಪಟ್ಟಣದ ಇಂಗ್ಲಿಷ್ ಶಾಲೆಗೆ ಸೇರಿಸಿದರೆ ಈ ಎರಡು ಹಕ್ಕುಗಳೂ ಕೈಬಿಟ್ಟುಹೋಗುತ್ತವೆ. ಅರಿಯದೆ ಹೀಗೆ ಮಾಡಿ, ಅರ್ಜಿ ತುಂಬುವ ದಿನ ಕಣ್ಣೀರಿಟ್ಟವರನ್ನು ನಾನು ಬಲ್ಲೆ.

ಹಾಗೆಂದು ಮೀಸಲಾತಿಯನ್ನೇ ನೆಚ್ಚಿ ಕೂರುವಂತಿಲ್ಲ. ಅದು ಬಾಗಿಲು ತೆರೆಯುತ್ತದೆ. ಒಳಗೆ ನಡೆಯಬೇಕಾದವನು ವಿದ್ಯಾರ್ಥಿಯೇ. ನಮ್ಮ ಶಾಲೆಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಪಾಠಗಳು ಸೊರಗಿದರೆ ಆ ಹೊಣೆ ನನ್ನದು, ನಿಮ್ಮದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಕ್ರೈಸ್ತ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯು ಬಡವರ ಮಕ್ಕಳ ವಿಶೇಷ ಆರೈಕೆಯನ್ನು ನಮಗೆ ವಹಿಸಿದೆ. ಹಬ್ಬದ ದೀಪಾಲಂಕಾರದ ಖರ್ಚನ್ನು ತಗ್ಗಿಸಿ, ಸಂಜೆಯ ಪಾಠಕ್ಕೆ ಒಬ್ಬ ಉಪಾಧ್ಯಾಯರನ್ನು ನೇಮಿಸೋಣ. ನಿಮ್ಮಲ್ಲಿ ಕಾಲೇಜು ಓದಿದವರು ವಾರಕ್ಕೊಂದು ಸಂಜೆ ಕೊಡಿರಿ.

ನಾಳೆ ಯಾರಾದರೂ “ಯಾವ ಶಾಲೆಯಿಂದ ಬಂದೆ?” ಎಂದು ಕೇಳಿದಾಗ ನಮ್ಮ ಮಗು ತಲೆ ತಗ್ಗಿಸದೆ ಈ ಶಾಲೆಯ ಹೆಸರು ಹೇಳಲಿ. ನಜರೇತಿನ ಮನೆಯಲ್ಲಿ ಬಾಲಯೇಸುವನ್ನು ಸಲಹಿದ ಮಾತೆ ಮರಿಯಮ್ಮನವರು ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.