ಸಂಜೆಯ ತಿಂಡಿಯೂ ಮನೆಯ ಮಾತೂ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದು, ಹೊರನಾಡಿನಲ್ಲಿ ಕನ್ನಡ ಸಂಸ್ಕೃತಿಯ ಉಳಿವು ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕೇಳಿದರು. ಅದು ವಿದ್ವಾಂಸರ ವಿಷಯ. ಜೀವಮಾನವೆಲ್ಲ ಲೆಕ್ಕದ ಪುಸ್ತಕ ಬರೆದು ನಿವೃತ್ತರಾದ ನಮಗೆ ದಕ್ಕುವಂಥದಲ್ಲ. ಬೇಕಾದರೆ ಕೋಡುಬಳೆಯ ವಿಷಯವಾಗಿ ಮಾತನಾಡುತ್ತೇವೆ ಎಂದೆವು. ಅವರು ಅದನ್ನು ವಿನೋದವೆಂದು ತಿಳಿದು ನಕ್ಕು, ಆಗಲಿ ಎಂದುಬಿಟ್ಟರು. ನಾವು ಹೇಳಿದ್ದು ವಿನೋದಕ್ಕಲ್ಲ ಎಂಬುದನ್ನು ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕಾಗಿದೆ. ಸಭೆ ಮುಗಿದ ಮೇಲೆ ಉಪಾಹಾರದ ಏರ್ಪಾಡು ಉಂಟೆಂದು ಕೇಳಿದ್ದೇವೆ. ಉಪಾಹಾರಕ್ಕೆ ಮುಂಚೆ ಉಪಾಹಾರವನ್ನೇ ಕುರಿತು ಮಾತನಾಡುವವರು ಬೇಗ ಮುಗಿಸಬೇಕೆಂಬ ವಿವೇಕವೂ ನಮಗಿದೆ.

ನಾವು ಕೀಲ್ಪಾಕಿಗೆ ಬಂದದ್ದು 1974ರಲ್ಲಿ. ಅದಕ್ಕೆ ಹಿಂದಿನ ನವೆಂಬರಿನಲ್ಲಷ್ಟೆ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತ್ತು. ಆ ಹೊಸ ಹೆಸರು ಬಾಯಿಗೆ ರೂಢಿಯಾಗುವ ಮೊದಲೇ ನಾವು ನಾಡು ಬಿಟ್ಟು, ಪೂನಮಲ್ಲಿ ಹೈರೋಡಿನ ಹಿಂದಿನ ಒಂದು ಬೀದಿಯಲ್ಲಿ ಮನೆ ಹಿಡಿದೆವು. 1914ರಲ್ಲಿ ಕಟ್ಟಿದ ನೀರಿನ ಶುದ್ಧೀಕರಣದ ಕೇಂದ್ರ ಕೀಲ್ಪಾಕಿನಲ್ಲೇ ಇರುವುದರಿಂದ, ಮದರಾಸಿನ ಕಾಫಿಯ ರುಚಿ ನಮ್ಮ ಬಡಾವಣೆಯಲ್ಲೇ ಹುಟ್ಟುತ್ತದೆಂದು ಊರಿನ ನೆಂಟರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆವು.

ನಮ್ಮ ವಠಾರದಲ್ಲಿ ಮೂರು ಕನ್ನಡ ಸಂಸಾರಗಳಿದ್ದವು. ನಾವು ತುಮಕೂರಿನ ಕಡೆಯವರು. ಮಹಡಿಯ ಮೇಲಿನವರು ಉಡುಪಿಯ ಕಡೆಯವರು. ಹಿಂಭಾಗದ ಮನೆಯವರು ಧಾರವಾಡದವರು. ಸಂಜೆ ನಾಲ್ಕೂವರೆ ಆಯಿತೆಂದರೆ ನಮ್ಮ ಮನೆಯಲ್ಲಿ ಡಿಕಾಕ್ಷನ್ ಇಳಿಯುತ್ತಿತ್ತು. ಮಹಡಿಯಿಂದ ಕೊತ್ತಂಬರಿ ಜೀರಿಗೆ ಹುರಿದು ಪುಡಿಮಾಡಿ, ಬೆಲ್ಲ ಹಾಲು ಬೆರೆಸಿ ಕುದಿಸಿದ ಕಷಾಯದ ಪರಿಮಳ ಬರುತ್ತಿತ್ತು. ಹಿಂಭಾಗದಿಂದ ಶುಂಠಿ ಜಜ್ಜಿ ಹಾಕಿದ ಚಹಾ. ಮೂರು ಮನೆಯ ತಟ್ಟೆಗಳು ಮೆಟ್ಟಿಲಿನಲ್ಲಿ ಸಂಧಿಸುತ್ತಿದ್ದವು: ಒಂದರಲ್ಲಿ ಕೋಡುಬಳೆ, ಒಂದರಲ್ಲಿ ಗೋಳಿಬಜೆ, ಒಂದರಲ್ಲಿ ಚುರಮುರಿ ಚೂಡಾ. "ಕೂತುಕೊಳ್ಳಿ ಮಾರಾಯ್ರೆ" ಎಂದು ಒಬ್ಬರು, "ಬರ್ರಿ, ಕುಂದ್ರಿ" ಎಂದು ಇನ್ನೊಬ್ಬರು. 1956ಕ್ಕೆ ಮುಂಚೆ ಈ ಮೂರು ಊರುಗಳು ಮೈಸೂರು, ಮದರಾಸು, ಮುಂಬಯಿ ಎಂಬ ಮೂರು ರಾಜ್ಯಗಳಿಗೆ ಹಂಚಿಹೋಗಿದ್ದವು. ಕರ್ನಾಟಕದ ಏಕೀಕರಣ ಆ ವರ್ಷದ ನವೆಂಬರ್ 1ರಂದು ಒಂದು ಸಲ ಆಯಿತು. ನಮ್ಮ ಮೆಟ್ಟಿಲಿನಲ್ಲಿ ಅದು ದಿನವೂ ಸಂಜೆ ನಾಲ್ಕೂವರೆಗೆ ಆಗುತ್ತಿತ್ತು. ಮೂರು ಮನೆಯ ಮಕ್ಕಳೂ ಮೂರು ಬಗೆಯ ಕನ್ನಡವನ್ನು ಯಾರೂ ಕಲಿಸದೆ ಕಲಿತರು.

ಮನೆಯ ಹೊರಗೂ ಆಗ ಕನ್ನಡಿಗರ ತಿಂಡಿಗೆ ಬರವಿರಲಿಲ್ಲ. ದಕ್ಷಿಣ ಕನ್ನಡದಿಂದ ಬಂದ ಕಡಂದಲೆಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದು, ಈ ಪಟ್ಟಣಕ್ಕೆ ಉಡುಪಿಯ ಅಡಿಗೆಯ ರುಚಿ ಹತ್ತಿಸಿದ ಹಿರಿಯರಲ್ಲಿ ಒಬ್ಬರಾದರು. ಅವರ ಸಂಸ್ಥೆಯ ಡ್ರೈವ್-ಇನ್ ಹೋಟೆಲು ಕ್ಯಾಥೆಡ್ರಲ್ ರಸ್ತೆಯಲ್ಲಿ 1962ರಲ್ಲಿ ಶುರುವಾಯಿತು. ನಮಗೆ ಹತ್ತಿರವಾದದ್ದು ಪೂನಮಲ್ಲಿ ಹೈರೋಡಿನ ದಾಸಪ್ರಕಾಶ, ಸೀತಾರಾಮರಾಯರು ಕಟ್ಟಿದ್ದು. ತಿಂಗಳ ಮೊದಲ ಭಾನುವಾರ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ, ಬಡಿಸುವವರೊಡನೆ ಕನ್ನಡದಲ್ಲಿ ನಾಲ್ಕು ಮಾತಾಡಿ, ಕನ್ನಡದ ಸೇವೆ ಮಾಡಿಬಂದೆವೆಂದು ಸಂತೋಷಪಡುತ್ತಿದ್ದೆವು. ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಆ ದಾಸಪ್ರಕಾಶವೂ ಇಂದಿಲ್ಲ. ಹೋಟೆಲು ಇರುವತನಕ ಇರುತ್ತದೆ. ಮನೆಮಾತನ್ನು ಅದರ ಮೇಜಿನ ಮೇಲೆ ಬಿಟ್ಟುಬಂದರೆ ಕಾಪಾಡುವವರು ಯಾರು?

ಕ್ರಮೇಣ ನಮ್ಮ ಮೆಟ್ಟಿಲೂ ಬರಿದಾಯಿತು. ಧಾರವಾಡದವರು ವರ್ಗವಾಗಿ ಹೋದರು, ಉಡುಪಿಯವರು ಅಣ್ಣಾನಗರದಲ್ಲಿ ಸ್ವಂತ ಮನೆ ಮಾಡಿದರು. ನಮ್ಮ ಮಗ ಸೊಸೆ ಇಬ್ಬರೂ ದುಡಿಯುವವರು. ಸಂಜೆಯ ತಿಂಡಿ ಅಂಗಡಿಯಿಂದ ಪೊಟ್ಟಣದಲ್ಲಿ ಬರತೊಡಗಿತು. ನಾವು ಯಾರನ್ನೂ ದೂರುತ್ತಿಲ್ಲ. ದಣಿದು ಬಂದ ಹೆಣ್ಣುಮಗಳು ಬಾಣಲೆಯ ಮುಂದೆ ನಿಲ್ಲಬೇಕೆಂದು, ಆರಾಮಕುರ್ಚಿಯಲ್ಲಿ ಕುಳಿತ ಗಂಡಸರು ಅಪ್ಪಣೆ ಕೊಡುವುದು ಯಾವ ಸಂಸ್ಕೃತಿಯೂ ಅಲ್ಲ. ಆದರೆ ಒಂದು ನಷ್ಟವನ್ನು ಮಾತ್ರ ನಾವು ತಡವಾಗಿ ಕಂಡುಕೊಂಡೆವು.

ಪೊಟ್ಟಣದಲ್ಲಿ ಬಂದ ತಿಂಡಿ ತನ್ನ ಹೆಸರನ್ನೂ ತಾನೇ ತರುತ್ತದೆ. ಚಕ್ಕುಲಿ ಮುರುಕ್ಕಾಯಿತು, ನಿಪ್ಪಟ್ಟು ತಟ್ಟೈ ಆಯಿತು, ಕಜ್ಜಾಯ ಅದಿರಸವಾಯಿತು. ಹೆಸರು ಬದಲಾದರೆ ಚಿಂತೆಯಿಲ್ಲ. ಅಕ್ಕಪಕ್ಕದ ಎರಡು ಭಾಷೆಗಳು ತಿಂಡಿ ಹಂಚಿಕೊಂಡಂತೆ ಹೆಸರನ್ನೂ ಹಂಚಿಕೊಳ್ಳಲಿ. ಹೋದದ್ದು ಹೆಸರಲ್ಲ, ಕೆಲಸದ ಮಾತು. ಎಳ್ಳನ್ನು ಕೇರುತ್ತೇವೆ, ಹಿಟ್ಟನ್ನು ಜರಡಿ ಹಿಡಿಯುತ್ತೇವೆ. ರವೆಯನ್ನು ಹುರಿಯುತ್ತೇವೆ, ಎಣ್ಣೆಯಲ್ಲಿ ಕರಿಯುತ್ತೇವೆ. ಎರಡಕ್ಕೂ ಇಂಗ್ಲಿಷಿನಲ್ಲಿ ಫ್ರೈ ಎಂದು ಸಾಗಿಸಿಬಿಡುತ್ತೇವೆ. ಕೋಡುಬಳೆಯನ್ನು ಹೊಸೆಯುತ್ತೇವೆ, ಚಕ್ಕುಲಿಯನ್ನು ಒತ್ತುತ್ತೇವೆ, ನಿಪ್ಪಟ್ಟನ್ನು ತಟ್ಟುತ್ತೇವೆ, ಪೂರಿಯನ್ನು ಲಟ್ಟಿಸುತ್ತೇವೆ. ಕೊಬ್ಬರಿಯನ್ನು ತುರಿಯುತ್ತೇವೆ, ಬೆಲ್ಲವನ್ನು ಹೆರೆಯುತ್ತೇವೆ. ಇವೊಂದೂ ಶಾಲೆಯ ಪಾಠದಲ್ಲಿ ಬರುವುದಿಲ್ಲ. ಸಂಘದ ವೇದಿಕೆಯ ಮೇಲೂ ಬರುವುದಿಲ್ಲ. ಮಾಡುವ ಕೈಯ ಹತ್ತಿರ ನಿಂತ ಮಗುವಿಗೆ ಮಾತ್ರ ಸಿಕ್ಕುವ ಮಾತುಗಳಿವು. ಕೆಲಸ ನಿಂತರೆ ಮಾತೂ ನಿಲ್ಲುತ್ತದೆ.

ಇದನ್ನು ನಮಗೆ ತಿಳಿಸಿದ್ದು ಈ ಸಲದ ಫೆಬ್ರವರಿಯಲ್ಲಿ ನಡೆದ ಒಂದು ಚಿಕ್ಕ ಪ್ರಸಂಗ.

ಒಂಬತ್ತು ವರ್ಷದ ನಮ್ಮ ಮೊಮ್ಮಗಳು ಶಾಲೆಯಿಂದ ಬಂದವಳೇ, ಹದಿನಾಲ್ಕನೆಯ ತಾರೀಕಿಗೆ ಹೃದಯದ ಆಕಾರದ ಸಿಹಿ ಬೇಕು, ಅದೂ ಮನೆಯಲ್ಲೇ ಮಾಡಿದ್ದು ಬೇಕು ಎಂದಳು. ತಮ್ಮ ಪ್ರೀತಿಯವರಿಗೆಲ್ಲ ತಾವೇ ಮಾಡಿದ ಸಿಹಿ ಕೊಡುವುದೆಂದು ಗೆಳತಿಯರು ಗೊತ್ತುಮಾಡಿಕೊಂಡಿದ್ದರಂತೆ. ವ್ಯಾಲೆಂಟೈನ್ ಎಂಬ ಕ್ರೈಸ್ತ ಸಂತನ ಹೆಸರಿನ ಆ ದಿನ, 1990ರ ದಶಕದಿಂದೀಚೆಗೆ ನಮ್ಮ ಪಟ್ಟಣಗಳ ಅಂಗಡಿಗಳಲ್ಲಿ ಕೆಂಪು ಕಾಗದ ಸುತ್ತಿಕೊಂಡು ಮೆರೆಯುತ್ತಿರುವುದನ್ನು ತಾವೆಲ್ಲ ಕಂಡಿದ್ದೀರಿ. ನಮಗೆ ಸಿಟ್ಟು ಬಂತು. "ನೋ, ಇದೆಲ್ಲ ನಮ್ಮ ಕಲ್ಚರ್ ಅಲ್ಲ, ಸ್ಟಾಪ್ ದಿಸ್ ನಾನ್‌ಸೆನ್ಸ್" ಎಂದು ಗದರಿದೆವು. ಮಗು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಯಿತು.

ಆಗ ನಮ್ಮ ಮನೆಯಾಕೆ ಬಂದು ಕೇಳಿದರು: "ಈಗ ನೀವು ಕಾಪಾಡಿದ್ದು ಯಾವ ಊರಿನ ಸಂಸ್ಕೃತಿ? ಬೈದದ್ದಂತೂ ಕನ್ನಡದಲ್ಲಲ್ಲ. ಹೋದ ತಿಂಗಳು ಸಂಕ್ರಾಂತಿಗೆ ಮನೆಮನೆಗೆ ಹೋಗಿ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎಂದು ಕೊಟ್ಟುಬಂದಿರಿ. ಅದೂ ಅಂಗಡಿಯ ಪೊಟ್ಟಣ. ಮಗು ತನ್ನ ಕೈಯಾರೆ ಮಾಡಿ ಕೊಡುತ್ತೇನೆ ಅನ್ನುತ್ತಿದೆ. ಅದಕ್ಕೆ ನಿಮ್ಮ ಒಳ್ಳೆ ಮಾತು ಇದೇನು?"

ನಮ್ಮಲ್ಲಿ ಉತ್ತರವಿರಲಿಲ್ಲ.

ಆಕೆ ಮಗನನ್ನು ಕರೆದು ಅಟ್ಟದ ಮೇಲಿನ ಸಕ್ಕರೆ ಅಚ್ಚಿನ ಡಬ್ಬ ಇಳಿಸಲು ಹೇಳಿದರು. ತವರಿನಿಂದ ತಂದ ಮರದ ಅಚ್ಚುಗಳು. ನವಿಲಿತ್ತು, ಮೀನಿತ್ತು, ತುಳಸಿಯ ಬೃಂದಾವನವಿತ್ತು. ಹೃದಯ ಮಾತ್ರ ಇರಲಿಲ್ಲ. ಅಚ್ಚುಗಳ ಅಡಿಯಲ್ಲಿ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಮಗ ಅದನ್ನು ಬಿಡಿಸಿ, ಸ್ವಲ್ಪ ಹೊತ್ತು ನೋಡಿ, ನಮ್ಮ ಕೈಗೆ ಕೊಟ್ಟು, "ಅಪ್ಪಾ, ಏನು ಬರೆದಿದೆ?" ಎಂದ.

ಅದು 1981ರಲ್ಲಿ ನಮ್ಮ ಅತ್ತೆಯವರು ತಮ್ಮ ಮಗಳಿಗೆ ಬರೆದದ್ದು. ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಬೇಕು. ಸಕ್ಕರೆ ಮುಳುಗುವಷ್ಟು ನೀರಿಟ್ಟು, ಕುದಿ ಬಂದಾಗ ಎರಡು ಚಮಚ ಹಾಲು ಹಾಕಿದರೆ ಕೊಳೆ ಮೇಲೆ ಬರುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಬೇಕು. ಪಾಕ ಬಿಳುಪಾಗಿ ಗಟ್ಟಿಯಾಗುತ್ತ ಬಂದ ಕೂಡಲೆ ಅಚ್ಚಿಗೆ ಹೊಯ್ಯಬೇಕು, ತಡಮಾಡಿದರೆ ಪಾತ್ರೆಯಲ್ಲೇ ಹೆಪ್ಪುಗಟ್ಟುತ್ತದೆ. ಮದರಾಸಿನದು ಸಮುದ್ರದ ಗಾಳಿ, ಆರಿದೊಡನೆ ಡಬ್ಬಿಯಲ್ಲಿ ಮುಚ್ಚಿಡು. ಇಷ್ಟು ಬರೆದು ಕೊನೆಯಲ್ಲಿ ಒಂದು ಸಾಲು: ಮಗುವಿಗೆ ಓದು ಬಂದ ಮೇಲೆ ಅವನ ಕೈಯಿಂದಲೇ ನನಗೆ ಒಂದು ಕಾಗದ ಬರೆಸು.

ಆ ಮಗುವೇ ನಮ್ಮೆದುರು ನಿಂತಿದ್ದ ಮಗ. ಅವನಿಗೆ ಓದು ಬಂತು. ಕನ್ನಡದ ಓದು ಬರಲಿಲ್ಲ. ಶಾಲೆಯಲ್ಲಿಲ್ಲ, ಮನೆಯಲ್ಲಿ ಪುರುಸೊತ್ತಿಲ್ಲ, ಮಾತು ಬರುತ್ತದಲ್ಲ ಸಾಕು ಎಂದು ನಾವೇ ಸುಮ್ಮನಿದ್ದೆವು. ಅತ್ತೆಯವರು 1990ರಲ್ಲಿ ತೀರಿಕೊಂಡರು. ಆ ಕಾಗದಕ್ಕೆ ಮೊಮ್ಮಗನ ಉತ್ತರ ಹೋಗಲೇ ಇಲ್ಲ. ನಾವು ಓದಿ ಮುಗಿಸಿದ ಮೇಲೆ ಅವನು ಏನೂ ಅನ್ನಲಿಲ್ಲ. ಕಾಗದವನ್ನು ಮಡಿಸಿ ತನ್ನ ಜೇಬಿಗೆ ಹಾಕಿಕೊಂಡ. ತಪ್ಪು ಅವನದಲ್ಲ, ನಮ್ಮದು.

ಹದಿನಾಲ್ಕನೆಯ ತಾರೀಕಿನ ಸಂಜೆ ನಮ್ಮ ಮನೆಯಲ್ಲಿ ಶಂಕರಪೋಳೆ ಆಯಿತು. ಹಾಲು, ಸಕ್ಕರೆ, ತುಪ್ಪ ಮೂರೂ ಅರ್ಧರ್ಧ ಬಟ್ಟಲು ಬಿಸಿಮಾಡಿ ಕರಗಿಸಿ, ಆರಿಸಿ, ಎರಡೂವರೆ ಬಟ್ಟಲಿನಷ್ಟು ಮೈದಾ ಹಿಡಿಸಿ ನಾದಿ, ಅರ್ಧ ಗಂಟೆ ನೆನೆಯಲು ಬಿಟ್ಟರು. ನಾದಿದವನು ಮಗ, ಲಟ್ಟಿಸಿದವಳು ಸೊಸೆ. ಅಜ್ಜಿ ಡಬ್ಬಿಯಿಂದ ಒಂದು ವೀಳ್ಯದೆಲೆ ತೆಗೆದು ಹಿಟ್ಟಿನ ಮೇಲಿಟ್ಟು, "ನಿನ್ನ ಹೃದಯ ಇದೇ ಅಲ್ಲವೇನೆ? ಮನೆಗೆ ಬಂದವರಿಗೆ ನಾವು ಮೊದಲಿನಿಂದಲೂ ಇದನ್ನೇ ಕೊಡುತ್ತಿದ್ದೇವೆ" ಎಂದರು. ಮಗು ಎಲೆಯ ಅಂಚಿನಗುಂಟ ಚಾಕು ಆಡಿಸಿ ಕತ್ತರಿಸಿತು. ಮೊದಲ ಸರತಿಯಲ್ಲಿ ಎಲೆಯ ತುದಿಗಳೆಲ್ಲ ಸೀದುಹೋದವು. ತುದಿಯ ಕಡೆ ದಪ್ಪ ಬಿಟ್ಟು, ಸಣ್ಣ ಉರಿಯಲ್ಲಿ ಕರಿದ ಮೇಲೆ ಸರಿಹೋಯಿತು. ಸೀದವನ್ನು ನಮ್ಮ ಪಾಲಿಗೆ ಕೊಟ್ಟರು. ನಮಗೆ ಅದು ತಕ್ಕದ್ದೇ.

ಆ ಸಂಜೆಯ ಒಂದೂವರೆ ಗಂಟೆಯಲ್ಲಿ ಮಗು ಕೇಳಿ ಕಲಿತ ಕನ್ನಡದ ಮಾತುಗಳನ್ನು ನಾವು ಹಳೆಯ ಅಭ್ಯಾಸದಂತೆ ಬೆರಳಲ್ಲಿ ಎಣಿಸುತ್ತಿದ್ದೆವು. ನಾದು, ಲಟ್ಟಣಿಗೆ, ಹದ, ಸರತಿ, ಸೀದು, ಗರಿಗರಿ. ಎರಡು ಕೈಯ ಬೆರಳೂ ಮುಗಿದ ಮೇಲೆ ಎಣಿಸುವುದನ್ನು ಬಿಟ್ಟು ಕಾಫಿ ಕುಡಿದೆವು.

ಬಂಧುಗಳೆ, 2006ರ ಕಾನೂನಿನ ಬಳಿಕ ಈ ರಾಜ್ಯದ ಶಾಲೆಗಳಲ್ಲಿ ನಮ್ಮ ಮಕ್ಕಳೂ ತಮಿಳನ್ನು ಕಲಿಯಬೇಕು. ಕಲಿಯಲಿ. ಅನ್ನ ಕೊಟ್ಟ ನಾಡಿನ ಭಾಷೆ ಕಲಿಯದವರು ಕೃತಘ್ನರು. ಆದರೆ ಶಾಲೆಗೆ ಇಲ್ಲದ ಹೊಣೆ ಅಷ್ಟೂ ಮನೆಯ ಮೇಲೆ ಬಿತ್ತೆಂಬುದನ್ನು ನಾವು ಮರೆಯಬಾರದು. ವರ್ಷಕ್ಕೊಂದು ರಾಜ್ಯೋತ್ಸವ ಆ ಹೊಣೆಯನ್ನು ಹೊರಲಾರದು.

ಆದ್ದರಿಂದ ನಮ್ಮ ಸೂಚನೆ ಬಹಳ ಚಿಕ್ಕದು. ವಾರಕ್ಕೆ ಒಂದು ಸಂಜೆ ಮನೆಯಲ್ಲಿ ತಿಂಡಿ ಮಾಡೋಣ. ಅವಲಕ್ಕಿ ಒಗ್ಗರಣೆಯಾದರೂ ಸರಿ, ಗಂಡಸರೂ ಕೈಹಚ್ಚಲಿ, ಮಗುವಿನ ಕೈಗೂ ಒಂದು ಕೆಲಸವಿರಲಿ. ತಿನ್ನುವ ಹೊತ್ತಿನಲ್ಲಿ ಮಗುವಿನ ಕನ್ನಡವನ್ನು ಯಾರೂ ತಿದ್ದುವುದು ಬೇಡ. ತಿದ್ದಿಸಿಕೊಂಡ ಮಗು ಮರುದಿನ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ಪಕ್ಕದ ತಮಿಳರ ಮನೆಗೆ ಒಂದು ತಟ್ಟೆ ಹೋಗಲಿ; ಅದರ ಹೆಸರನ್ನು ಅವರಿಗೆ ಹೇಳಿಬರುವ ಕೆಲಸ ಮಗುವಿನದಾಗಲಿ. ಕೊನೆಯದಾಗಿ, ಅಜ್ಜಿಯೋ ತಾಯಿಯೋ ಹೇಳಿದ್ದನ್ನು ಮಗು ಒಂದು ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಡಲಿ. ಪಠ್ಯಪುಸ್ತಕಕ್ಕೆ ಅಳುವ ಮಗು ತಿಂಡಿಯ ಪುಸ್ತಕಕ್ಕೆ ಅಳುವುದಿಲ್ಲ.

ನಮ್ಮ ಮನೆಯಲ್ಲಿ ಆ ಪುಸ್ತಕ ಶುರುವಾಗಿ ಒಂಬತ್ತು ತಿಂಗಳಾಯಿತು. ಮೊದಲ ಪುಟದಲ್ಲಿ ಶಂಕರಪೋಳೆ ಎಂಬುದು ಸಂಕರಪೊಳೆ ಎಂದಿದೆ. ನಾವು ತಿದ್ದಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತು ಈಗ ಮಗನೂ ಅಕ್ಷರ ಬರೆಯುತ್ತಾನೆ. ನಲವತ್ತೇಳನೆಯ ವಯಸ್ಸಿನಲ್ಲಿ ಒತ್ತಕ್ಷರ ಕಷ್ಟವೆನ್ನುತ್ತಾನೆ. ನೀಲಿ ಕಾಗದವನ್ನು ಮುಂದಿಟ್ಟುಕೊಂಡು ಮೊನ್ನೆ ಅವನು ಮೊದಲ ಎರಡು ಸಾಲು ತಾನೇ ಓದಿದ. ಕೊನೆಯ ಸಾಲು ಬರುವ ಹೊತ್ತಿಗೆ ಬಹುಶಃ ಸಂಕ್ರಾಂತಿಯಾದೀತು. ಅಚ್ಚುಗಳನ್ನು ಹಿಂದಿನ ರಾತ್ರಿ ನೆನೆಹಾಕುವ ಕೆಲಸವನ್ನು ಅವನೇ ವಹಿಸಿಕೊಂಡಿದ್ದಾನೆ.

ಒಳಗಿನಿಂದ ಕಾಫಿಯ ಪರಿಮಳ ಬರುತ್ತಿದೆ. ಇನ್ನು ಮಾತನಾಡಿದರೆ ತಾವು ಕ್ಷಮಿಸಲಾರಿರಿ.